ಆರು ಅಂಗಿ, ಒಂದೇ ಅಳತೆ

ನಮ್ಮ ಬೀದಿಯಲ್ಲಿ ಟೈಲರ್ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಬೊಗಳೆ ಮಾಸ್ಟರ ಅಂಗಡಿ ಎಂದರೆ ಬಾಗಿಲ ತನಕ ತಂದು ಬಿಡುತ್ತಾರೆ. ಹೆಸರು ಸುಮ್ಮನೆ ಬಂದದ್ದಲ್ಲ. ರಸ್ತೆಯ ಆಚೆ ಬದಿ ಹೋಗುವವರ ಸೊಂಟದ ಸುತ್ತಳತೆಯನ್ನು ಕೂತಲ್ಲೇ ಹೇಳುತ್ತೇನೆ, ಬೇಕಾದರೆ ಬೆಳಿಗ್ಗೆ ಎಷ್ಟು ತಿಂದು ಹೊರಟಿದ್ದಾರೆ ಎಂಬುದನ್ನೂ ಹೇಳುತ್ತೇನೆ ಎನ್ನುವವರ ಪೈಕಿ ಅವರು. ಗಿರಾಕಿಗಳ ಅಳತೆ ತೆಗೆದು ಪುಸ್ತಕದಲ್ಲಿ ಬರೆಯುತ್ತಿದ್ದರು, ನಿಜ. ಆದರೆ ಕತ್ತರಿ ಹಿಡಿದ ಮೇಲೆ ಆ ಪುಸ್ತಕ ತೆರೆದದ್ದನ್ನು ಹದಿನಾಲ್ಕು ವರ್ಷದಲ್ಲಿ ನಾನು ಕಂಡವಳಲ್ಲ.

"ಪುಸ್ತಕ ನೋಡಿ ಬಟ್ಟೆ ಕತ್ತರಿಸೋನು ಟೈಲರ್ ಅಲ್ಲ ದೊಡ್ಡಮ್ಮ, ಗುಮಾಸ್ತ," ಎನ್ನುತ್ತಿದ್ದರು.

ನಾನು ಅಲ್ಲಿ ಕಾಜಾ ಹೊಲಿದು ಗುಂಡಿ ಹಾಕುವವಳು, ಅಂಚು ಮಡಿಸುವವಳು. ಬಾಯಿ ಅವರದು, ಕಿವಿ ನನ್ನದು. ಅಂಗಡಿ ಹಾಗೇ ನಡೆದಿತ್ತು.

ಅವರ ಹೆಂಡತಿ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಹೊಸ ನಮೂನೆಯ ಅಂಗಿ ಯಾವುದೇ ಇರಲಿ, ಮೊದಲು ಅವಳ ಮೈಮೇಲೆ ಏರಬೇಕು. ಸಣ್ಣ ಆಳು. ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಇಳಿದಿತ್ತು. "ನಿನ್ನನ್ನ ಹೊಲಿದ ಟೈಲರ್ ಯಾರು? ಕರೆಸು, ಎರಡು ಮಾತು ಕೇಳ್ಬೇಕು," ಎಂದು ಮಾಸ್ಟರು ಮೇಲೆ ಬೆರಳು ತೋರಿಸಿ ಚುಡಾಯಿಸುತ್ತಿದ್ದರು. "ಅವನೂ ನಿಮ್ಮ ಹಾಗೇ, ಪುಸ್ತಕ ನೋಡದೆ ಕತ್ತರಿಸ್ದ," ಎಂದು ಅವಳು ಇಸ್ತ್ರಿಯಿಂದ ತಲೆ ಎತ್ತದೆ ಹೇಳುತ್ತಿದ್ದಳು.

ಎಂಟು ದಿನದ ಜ್ವರದಲ್ಲಿ ಅವಳು ಹೋದಳು. ಮಾಸ್ಟರು ಅಳಲಿಲ್ಲ. ವಾರ ಕಳೆಯುವುದರೊಳಗೆ ಅಂಗಡಿ ತೆರೆದರು, ಬೊಗಳೆ ಇಮ್ಮಡಿಯಾಯಿತು. ಸಮಾಧಾನ ಹೇಳಲು ಬಂದ ಎದುರುಮನೆಯಾಕೆ, "ದೇವರು ಒಳ್ಳೆಯವರನ್ನ ಬೇಗ ಕರ್ಕೋತಾನೆ," ಎಂದಳು. "ಹಾಗಾದ್ರೆ ನಿಮಗೆ ನೂರು ವರ್ಷ ಗ್ಯಾರಂಟಿ," ಎಂದರು ಮಾಸ್ಟರು. ಆಕೆ ಅದನ್ನು ಆಶೀರ್ವಾದವೆಂದು ತಿಳಿದು ಕೈ ಮುಗಿದು ಹೋದಳು. ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ ನಕ್ಕೆ. ನಗಬಾರದಿತ್ತು. ಆ ಮಾತಿನ ನಗು ತೆಗೆದು ನೋಡಿದ್ದರೆ ಅವರ ಒಳಗೇನಿದೆ ಎಂದು ಆಗಲೇ ಕಾಣುತ್ತಿತ್ತು.

ಅವಳು ಹೋಗಿ ಎಂಟು ತಿಂಗಳಾಗಿರಬೇಕು. ಬೀದಿಯ ಕೊನೆಯ ಆಸ್ಪತ್ರೆಯಿಂದ ಆರು ಜನ ನರ್ಸುಗಳು ಬಿಳಿ ಅಂಗಿ ಹೊಲಿಯಲು ಕೊಟ್ಟರು. ಒಯ್ದ ಮರುದಿನವೇ ಆರೂ ಜನ ವಾಪಸು ಬಂದು ಬಾಗಿಲಲ್ಲಿ ನಿಂತರು.

"ಮಾಸ್ಟರೇ, ಇದನ್ನ ಹಾಕ್ಕೊಂಡು ನಾನು ವಾರ್ಡಿಗೆ ಹೋದ್ರೆ ಉಸಿರು ಕಟ್ಟುತ್ತೆ. ರೋಗಿಗಳೇ ಎದ್ದು ನಂಗೆ ಹಾಸಿಗೆ ಬಿಟ್ಟುಕೊಡ್ತಾರೆ," ಎಂದರು ಹೆಡ್ ಸಿಸ್ಟರ್. ಅವರದು ತುಂಬಿದ ಮೈ. ಗುಂಡಿಗೂ ಕಾಜಾಕ್ಕೂ ನಡುವೆ ಒಂದು ಗೇಣು ಅಂತರ.

"ನನ್ನ ಕೈ ಮೊಣಕೈಗೇ ಮುಗೀತು ಅಂತ ನಿಮಗೆ ಯಾರು ಹೇಳಿದ್ದು?" ಎಂದಳು ಉದ್ದನೆಯವಳು.

"ಅಳತೆ ಕೊಟ್ಟ ಮೇಲೆ ನೀವು ಬೆಳೆದ್ರೆ ನಾನೇನ್ ಮಾಡ್ಲಿ?" ಎಂದರು ಮಾಸ್ಟರು.

"ನಲವತ್ತೈದಕ್ಕೆ ಬೆಳೀತಾರಾ ಮಾಸ್ಟರೇ?"

"ಆಸ್ಪತ್ರೆ ನೀರು, ಹೇಳೋಕಾಗಲ್ಲ."

ಎಲ್ಲರಿಗಿಂತ ಸಣ್ಣ ಮೈಯವಳು ಹಿಂದಿನಿಂದ ಮೆಲ್ಲಗೆ, "ನಂದು ಸರಿಯಾಗಿದೆ. ಎಡಗಡೆ ಮಾತ್ರ ಯಾಕೋ ಸ್ವಲ್ಪ ಇಳಿದಿದೆ," ಎಂದಳು.

ನನ್ನ ಕೈ ನಿಂತಿತು. ಎದ್ದು ಆರೂ ಅಂಗಿಗಳನ್ನು ಕತ್ತರಿಸುವ ಮೇಜಿನ ಮೇಲೆ ಒಂದರ ಮೇಲೊಂದು ಹಾಸಿದೆ. ಕುತ್ತಿಗೆಗೆ ಕುತ್ತಿಗೆ, ತೋಳಿಗೆ ತೋಳು, ಒಂದು ನೂಲಿನ ವ್ಯತ್ಯಾಸವಿಲ್ಲ. ಆರರಲ್ಲೂ ಎಡಭುಜ ಅರ್ಧ ಇಂಚು ಇಳಿದಿತ್ತು. ಅಂಚು ಮಡಿಸುವಾಗ ನನಗೂ ಕಾಣಲಿಲ್ಲವಲ್ಲ, ನನ್ನ ಕಣ್ಣಿಗೂ ಬೆಂಕಿ ಹಾಕಬೇಕು.

"ಮಾಸ್ಟರೇ, ಇದು ಯಾರ ಅಳತೆ?" ಎಂದೆ.

ಅವರು ಬಂದು ನೋಡಿದರು. ಭುಜದ ಹೊಲಿಗೆಯ ಮೇಲೆ ಹೆಬ್ಬೆರಳು ಇಟ್ಟರು. ಆಮೇಲೆ ಸ್ಟೂಲಿನ ಮೇಲೆ ಕೂತರು. ಹೆಡ್ ಸಿಸ್ಟರ್ ನನ್ನ ಮುಖ ನೋಡಿ, ಉಳಿದವರನ್ನು ಕಣ್ಸನ್ನೆಯಲ್ಲಿ ಕಳಿಸಿ, ತಾವು ಉಳಿದರು.

"ನಿದ್ದೆ ಮಾಡ್ತೀರಾ ಮಾಸ್ಟರೇ?" ಎಂದು ಕೇಳಿದರು.

"ಕುಂಭಕರ್ಣನ ಹಾಗೆ."

"ಸುಳ್ಳು," ಎಂದೆ ನಾನು.

ಮಾಸ್ಟರು ಹೇಳಿದರು: "ಬೆಳಗಿನ ಜಾವ ಎದೆ ಮಿಷನ್ ತುಳಿದ ಹಾಗೆ ಹೊಡ್ಕೊಳ್ಳುತ್ತೆ. ಕಾಲು ತೆಗೆದ್ರೂ ನಿಲ್ಲಲ್ಲ. ಮೊದಲು ದೇವರ ಹತ್ರ ಮಾತಾಡ್ತಿದ್ದೆ. ಈಗ ಅವನ ಜೊತೆ ಟೂ ಬಿಟ್ಟಿದೀನಿ." ಟೇಪನ್ನು ಕುತ್ತಿಗೆಯಿಂದ ತೆಗೆದು ಮಡಿಸಿದರು. "ಕೈ ಹೋಯ್ತು ದೊಡ್ಡಮ್ಮ. ಅಂಗಡಿ ಮುಚ್ಚಿಬಿಡ್ತೀನಿ."

"ಮಂಗಳವಾರ ನಮ್ಮಲ್ಲಿ ಏಳನೇ ಕೋಣೇಲಿ ಮನಸ್ಸಿನ ಡಾಕ್ಟರಮ್ಮ ಕೂರ್ತಾರೆ, ಬನ್ನಿ," ಎಂದರು ಹೆಡ್ ಸಿಸ್ಟರ್.

"ನಂಗೇನು ಹುಚ್ಚಾ?"

"ಹುಚ್ಚು ಹಿಡಿಯೋವರೆಗೂ ಕಾಯ್ಬೇಕು ಅಂತ ರೂಲ್ಸ್ ಇಲ್ಲ."

ಮಾಸ್ಟರು ಎದ್ದು ಅಂಗಡಿಯ ಕಿಟಕಿ ಹಾಕತೊಡಗಿದರು. ಮಾತಿಗೆ ಮಾತು ಹುಟ್ಟದ್ದು ಕಂಡು ನನಗೆ ಹೆದರಿಕೆಯಾಯಿತು. ಹೀಗೆ ಬಾಗಿಲು ಹಾಕಿಕೊಂಡು ಕೂತವರನ್ನು ನಾನು ನೋಡಿದ್ದೇನೆ. ಅಂಥವರು ಮತ್ತೆ ಹೊಸ್ತಿಲು ದಾಟುವುದು ಕಡಿಮೆ.

ಅಂಗಡಿ ನಾಲ್ಕು ದಿನ ಮುಚ್ಚಿತ್ತು. ಮಂಗಳವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಮಾಸ್ಟರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರ ಅಕ್ಕ ಬಂದಿದ್ದರು. ದೊಡ್ಡ ಭಕ್ತೆ. ತಮ್ಮನ ತಲೆಯ ಹತ್ತಿರ ಕೂತು ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿದ್ದರು, ದೇವರಿಗೆ ಕಿವಿ ಮಂದ ಎನ್ನುವ ಹಾಗೆ.

"ಡಾಕ್ಟರ್ ಯಾಕೆ? ನಂಬಿಕೆ ಇದ್ರೆ ಎಲ್ಲ ಸರಿಹೋಗುತ್ತೆ," ಎಂದರು.

"ಅಕ್ಕಾವ್ರೇ, ನಿಮ್ಮ ಕನ್ನಡಕ ಹೊಸದಾ?"

"ಹೌದು, ಹೋದ ತಿಂಗಳು ತಗೊಂಡೆ. ಯಾಕೆ?"

"ಏನಿಲ್ಲ. ಕಣ್ಣಿಗೆ ನಂಬಿಕೆ ಸಾಕಾಗ್ಲಿಲ್ವೇನೋ ಅಂತ ಕೇಳ್ದೆ."

ಗೋಡೆಯ ಕಡೆಯಿಂದ ಮೂಗಿನಲ್ಲಿ ನಕ್ಕ ಸದ್ದು ಬಂತು. ಅಷ್ಟು ಸಾಕಾಗಿತ್ತು ನನಗೆ. ಸುಳ್ಳು ಹೇಳುವುದು ನನಗೆ ಅಭ್ಯಾಸವಿಲ್ಲ. ಹೇಳಿದರೆ ಅಚ್ಚುಕಟ್ಟಾಗಿ ಹೇಳುತ್ತೇನೆ. "ಮಾಸ್ಟರೇ, ಆಸ್ಪತ್ರೇಲಿ ಒಬ್ಬ ಡಾಕ್ಟರಮ್ಮನ ಕೋಟು ಹಾಳಾಗಿದೆಯಂತೆ. ಯಾವನೋ ಅಡ್ಡಾದಿಡ್ಡಿ ಹೊಲಿದಿದ್ದಾನೆ. ನಿಮ್ಮ ಕೈಲಿ ಆಗದಿದ್ರೆ ಪೇಟೆಯ ಟೈಲರ್‌ಗೆ ಕೊಡ್ತಾರಂತೆ."

"ಅವನಿಗಾ? ಅವನು ದಿಂಬಿನ ಚೀಲಕ್ಕೇ ತೋಳಿಡೋನು," ಎನ್ನುತ್ತ ಮಾಸ್ಟರು ಎದ್ದು ಕೂತರು. ಟೇಪು ಹುಡುಕಿ ಕುತ್ತಿಗೆಗೆ ಹಾಕಿಕೊಂಡರು.

ಏಳನೇ ಕೋಣೆಯ ಡಾಕ್ಟರಮ್ಮ ಚಿಕ್ಕ ಪ್ರಾಯದವರು. ನನ್ನ ಪುಣ್ಯಕ್ಕೆ ಅವರ ಕೋಟು ನಿಜಕ್ಕೂ ಕೆಟ್ಟದಾಗಿತ್ತು.

"ಏನಾಗಿದೆ?" ಎಂದು ಕೇಳಿದರು.

"ಏನಾಗಿಲ್ಲ ಅಂತ ಕೇಳಿ. ಕಾಲರ್ ಒಂದು ಕಡೆ, ಜೇಬು ಇನ್ನೊಂದು ಕಡೆ," ಎಂದರು ಮಾಸ್ಟರು.

"ನನ್ನ ಕೋಟಿಗಲ್ಲ. ನಿಮಗೆ."

ಮಾಸ್ಟರು ತಿರುಗಿ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಅವರು ನೇರ ಹೋಗಿ ಬಾಗಿಲ ಹಿಡಿಗೆ ಕೈ ಹಾಕಿದರು. ಹೋದರೆ ಹೋದ ಹಾಗೇ ಎಂದು ನನಗೆ ಗೊತ್ತಿತ್ತು. ಡಾಕ್ಟರಮ್ಮ ತಡೆಯಲಿಲ್ಲ. ಪೆನ್ನು ಕೆಳಗಿಟ್ಟು ಕಾದರು.

ಬಾಗಿಲಿಗೆ ಮುಖ ಮಾಡಿಕೊಂಡೇ ಮಾಸ್ಟರು ಕೇಳಿದರು: "ದೇವರನ್ನ ಬೈದ್ರೆ ತಪ್ಪಾ ಡಾಕ್ಟ್ರೇ?"

"ಅದು ನನ್ನ ಇಲಾಖೆ ಅಲ್ಲ. ನಿದ್ದೆ ನನ್ನ ಇಲಾಖೆ. ಎಷ್ಟು ಗಂಟೆ ಮಲಗ್ತೀರಾ?"

"ಐದು." ಹಿಡಿಯ ಮೇಲಿಂದ ಕೈ ಜಾರಿತು. "ಎರಡು. ಕೆಲವು ದಿನ ಅದೂ ಇಲ್ಲ."

"ಬೈಯೋದಕ್ಕೂ ಮೈಯಲ್ಲಿ ಶಕ್ತಿ ಬೇಕು ಮಾಸ್ಟರೇ. ಮೊದಲು ನಿದ್ದೆ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಕೂತ್ಕೊಳ್ಳಿ."

ಮಾಸ್ಟರು ಕೂತರು. ನಾನು ಎದ್ದು ಹೊರಗೆ ಬಂದೆ. ಕೇಳುವ ಚಪಲ ಇರಲಿಲ್ಲವೆಂದಲ್ಲ, ಆದರೆ ಕೆಲವು ಮಾತಿಗೆ ನನ್ನ ಕಿವಿಯೂ ಹೆಚ್ಚು. ಮುಕ್ಕಾಲು ಗಂಟೆಯಾಯಿತು. ಬೆಂಚಿನ ಮೇಲಿದ್ದವರು ಗೊಣಗಿದರು. ಬಾಗಿಲ ಸಂದಿಯಿಂದ ಗಂಡಸಿನ ಅಳು ಕೇಳಿತು. ಪಕ್ಕದವನು, "ಪಾಪ, ಇಂಜೆಕ್ಷನ್ ಜೋರಿರಬೇಕು," ಎಂದ. "ಹೌದಪ್ಪ, ಎಂಟು ತಿಂಗಳದ್ದು ಬಾಕಿ ಇತ್ತು," ಎಂದೆ.

ಒಂದೇ ದಿನಕ್ಕೆ ಸರಿಹೋಯಿತು ಎಂದರೆ ಅದು ಮಾಸ್ಟರನ್ನೂ ಮೀರಿಸುವ ಬೊಗಳೆಯಾದೀತು. ಮಾತ್ರೆ ಮೊದಲು ಹೊಂದಲಿಲ್ಲ, ಬದಲಿಸಿದರು. ಕೆಲವು ಮಂಗಳವಾರ ಮುಖ ಗಂಟಿಕ್ಕಿಕೊಂಡು ಬಂದು ನನ್ನ ಮೇಲೆ ಹಾರಾಡಿದರು. ಅಕ್ಕ ಈಗಲೂ ಪ್ರಾರ್ಥನೆ ಮಾಡುತ್ತಾರೆ, ದನಿ ತಗ್ಗಿದೆ. ಮಾತ್ರೆಯ ಹೊತ್ತನ್ನು ನೆನಪಿಸುವವರೂ ಅವರೇ. ನರ್ಸುಗಳ ಅಂಗಿಗೆ ಮಾಸ್ಟರು ಬೇರೆ ಬಟ್ಟೆ ತಂದು, ಮೊದಲ ಸಲ ಪುಸ್ತಕ ತೆರೆದಿಟ್ಟುಕೊಂಡು ಕತ್ತರಿಸಿದರು. ಉದ್ದನೆಯವಳದು ಮತ್ತೊಮ್ಮೆ ಗಿಡ್ಡವಾಯಿತು. ಅದಕ್ಕೆ ದುಃಖ ಕಾರಣವಲ್ಲ, ಅಂದು ಅವರು ನನ್ನ ಜೊತೆ ಜಗಳವಾಡುತ್ತಿದ್ದರು.

ಮೊನ್ನೆ ಮಧ್ಯಾಹ್ನ ಹೆಡ್ ಸಿಸ್ಟರ್ ತಮ್ಮ ಅಂಗಿ ಒಯ್ಯಲು ಬಂದರು. ಮಾಸ್ಟರು ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದರು. ಸೀಮೆಸುಣ್ಣದ ಗೆರೆ ಕೆನ್ನೆಗೆ ಅಂಟಿತ್ತು, ಗೊರಕೆಗೆ ಕತ್ತರಿ ಸಣ್ಣಗೆ ಅದುರುತ್ತಿತ್ತು.

"ಎಬ್ಬಿಸ್ಲಾ ಸಿಸ್ಟರ್?" ಎಂದೆ.

"ಬೇಡ ಅಮ್ಮ. ನಂದು ಡ್ಯೂಟಿ ನಾಲ್ಕಕ್ಕೆ," ಎಂದು ಅವರು ಚಪ್ಪಲಿ ಬಿಟ್ಟು ಸ್ಟೂಲಿನ ಮೇಲೆ ಕೂತರು.