ಅವ್ವನಿಗೆಂದು ಬಿಟ್ಟ ಮೂಲೆ

ನಾನು ಬಾಂಟುಲ್ ನೋಡಿಲ್ಲ. ನೋಡುತ್ತೇನೆಂಬ ಭರವಸೆಯೂ ಈಗ ಅಷ್ಟಾಗಿ ಇಲ್ಲ. ಆದರೂ ಯಾರಾದರೂ ಇಂಡೊನೇಷ್ಯಾ ಎಂದರೆ ಸಾಕು, ತವರಿನ ಸುದ್ದಿ ಬಂತೇನೋ ಎಂಬಂತೆ ಕಿವಿ ನೆಟ್ಟಗಾಗುತ್ತದೆ. ಜಾವಾ ದ್ವೀಪದ ದಕ್ಷಿಣ ದಂಡೆಯಲ್ಲಿ, ಯೋಗ್ಯಕರ್ತ ನಗರದ ಕೆಳಗಿರುವ ಜಿಲ್ಲೆ ಅದು. ಅದರ ಗುಡ್ಡ, ಅದರ ಸಮುದ್ರ, ಅಲ್ಲಿನ ಹೆಂಗಸರ ಕೈಕೆಲಸ ಎಲ್ಲವನ್ನೂ ನಾನು ತಿಳಿದದ್ದು ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ, ಒಂದು ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ, ಎಲೆಕ್ಟ್ರಿಕ್ ಒಲೆಯ ಪಕ್ಕ ನಿಂತು.

2004ರ ಚಳಿಗಾಲ. ನನ್ನ ಗಂಡ ಬೆಳಿಗ್ಗೆ ಬಸ್ಸು ಹಿಡಿದು ಲ್ಯಾಬಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಮನೆಯಲ್ಲಿ ನಾನು, ನಾಲ್ಕು ವರ್ಷದ ಮಗಳು, ಕಿಟಕಿಯಾಚೆ ಪಾರ್ಕಿಂಗ್ ಲಾಟು. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದ ಕಾಲ. ಆ ದಿನಗಳಲ್ಲೇ ಮಧ್ಯಾಹ್ನವಾದರೆ ಕೆಳಗಿನ ಮನೆಯಿಂದ ಮೇಣ ಕಾಯಿಸಿದ ವಾಸನೆ ಬರತೊಡಗಿತು. ಮಗಳಿಗೆ ಭಾರಿ ಖುಷಿ. ಕೆಳಗಿನ ಆಂಟಿ ಕ್ರೇಯಾನ್ ಕುಕ್ ಮಾಡ್ತಿದಾರೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಳು. ಮೂರನೆಯ ದಿನ ಸ್ಮೋಕ್ ಅಲಾರಂ ಕಿವಿ ಕಿತ್ತುಹೋಗುವಂತೆ ಹೊಡೆದುಕೊಂಡಾಗ ನಾನು ತಲೆಗೂದಲು ಗಂಟು ಹಾಕಿಕೊಂಡು, ಜಗಳಕ್ಕೇ ಎಂದು ಇಳಿದುಹೋದೆ.

ಬಾಗಿಲು ತೆರೆದವಳು ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಕೈಯಲ್ಲಿ ಪೆನ್ನಿನಂಥದೊಂದು ಸಾಧನ, ಅದಕ್ಕೆ ಹಕ್ಕಿಯ ಕೊಕ್ಕಿನಂಥ ತಾಮ್ರದ ಮೂತಿ. ಹಿಂದೆ ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಮೇಲೆ ಉದ್ದನೆಯ ಬಿಳಿ ಬಟ್ಟೆ ಇಳಿಬಿದ್ದಿತ್ತು. ಅದರ ತುಂಬ ಕಂದು ಮೇಣದ ಗೆರೆಗಳು, ಗುಡ್ಡ, ಬಳ್ಳಿ, ಹಕ್ಕಿಯ ರೆಕ್ಕೆ. ಬೈಗುಳ ನಾಲಿಗೆಯ ಮೇಲೆ ಬಂದು ನಿಂತಿತ್ತು. ಆದರೆ ನಾನು ಇಳಕಲ್ಲಿನ ನೇಕಾರರ ಮನೆಯವಳು. ಬಟ್ಟೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಅಂಚನ್ನು ಬೆರಳಲ್ಲಿ ಹಿಡಿದು, ಇದರ ನೂಲು ಎಷ್ಟನೇ ನಂಬರು ಎಂದು ಕೇಳಿಬಿಟ್ಟೆ. ಅವಳು ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದಳು. ಆಮೇಲೆ ಇಬ್ಬರೂ ನಕ್ಕೆವು, ಅಲಾರಮ್ಮಿಗೆ ಟವೆಲ್ಲು ಬೀಸುತ್ತ.

ಅವಳು ನನ್ನನ್ನು ಅಕ್ಕ ಎಂದಳು, ನಾನು ಅವಳನ್ನು ತಂಗಿ ಎಂದೆ. ಕೊನೆಯವರೆಗೂ ಅಷ್ಟೇ ನಮ್ಮ ಹೆಸರು. ಅವಳೂ ನನ್ನಂತೆ ಗಂಡನ ಕೆಲಸದ ಬೆನ್ನಿಗೆ ಬಂದವಳು. ಇಬ್ಬರದೂ ಹರಕುಮುರುಕು ಇಂಗ್ಲಿಷು. ಈಗ ನೆನೆಸಿಕೊಂಡರೆ ಅವಳ ಮಾತೆಲ್ಲ ನನಗೆ ನಮ್ಮೂರ ಕನ್ನಡದಲ್ಲೇ ಕೇಳಿಸುತ್ತದೆ.

ಅವಳ ಹಳ್ಳಿ ಇಮೊಗಿರಿಯ ಗುಡ್ಡದ ಬುಡದಲ್ಲಿತ್ತು. ಗುಡ್ಡದ ಮೇಲೆ ಹಿಂದಿನ ರಾಜರ ಗೋರಿಗಳು. ನಾನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕಂತೆ, ಒಳಗೆ ಹೋಗಬೇಕಾದರೆ ಚಪ್ಪಲಿ ಬಿಟ್ಟು ಅರಮನೆಯ ಕಾಲದ ಉಡುಪನ್ನೇ ಉಡಬೇಕಂತೆ. ಆ ಉಡುಪಿನ ಬಟ್ಟೆಯ ಮೇಲೆ ಮೇಣದಲ್ಲಿ ಬಾಟಿಕ್ ಚಿತ್ತಾರ ಬರೆಯುವುದು ಕೆಳಗಿನ ಹಳ್ಳಿಗಳ ಹೆಂಗಸರ ಕೆಲಸ, ಎಷ್ಟೋ ತಲೆಮಾರಿನಿಂದ. ಜಿಲ್ಲೆಯಲ್ಲಿ ಡಚ್ಚರ ಕಾಲದಿಂದ ಕಬ್ಬಿದೆ, ಗಡಿಗೆ ಮಾಡುವ ಊರಿದೆ, ದಕ್ಷಿಣಕ್ಕೆ ಹೋದರೆ ಕಪ್ಪು ಮರಳಿನ ಸಮುದ್ರವಿದೆ. ಆ ಸಮುದ್ರಕ್ಕೊಬ್ಬಳು ರಾಣಿ, ಅವಳ ಬಣ್ಣ ಹಸಿರು; ದಂಡೆಗೆ ಯಾರೂ ಹಸಿರು ಉಟ್ಟು ಹೋಗಬಾರದು. ಮೈತುಂಬ ಹಸಿರು, ಕೈತುಂಬ ಹಸಿರು ಬಳೆ ಹಾಕಿಕೊಂಡಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀನು ಬಂದರೆ ರಾಣಿ ಕಾಯುವುದೇ ಇಲ್ಲ, ಬಸ್ ಸ್ಟ್ಯಾಂಡಿಗೇ ಬಂದು ಎಳೆದುಕೊಂಡು ಹೋಗುತ್ತಾಳೆ ಎಂದು ಛೇಡಿಸುತ್ತಿದ್ದಳು.

ಒಂದು ದಿನ ಆ ಬಟ್ಟೆಯ ಕಥೆ ಹೇಳಿದಳು. ಗೆರೆ ಎಳೆದದ್ದು ಅವಳ ಅವ್ವ. ಒಳಗಿನ ಚುಕ್ಕೆ, ಎಳೆಗಳನ್ನು ತುಂಬುವುದು ಮಗಳ ಪಾಲು. ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ, ಹಾಗೆ ಚಿತ್ತಾರ ಮೂಡುತ್ತದೆ. ಅವರ ಹಳ್ಳಿಯ ಹೆಂಗಸರು ಮೇಣ ಬರೆಯುವುದಷ್ಟೇ. ಬಣ್ಣ ಹಾಕುವ ವಿದ್ಯೆ ಅವರ ಕೈಗೆ ಬಂದಿರಲಿಲ್ಲ. ತಿಂಗಳುಗಟ್ಟಲೆ ಕೂತು ಬರೆದದ್ದನ್ನು ನಗರದ ವ್ಯಾಪಾರಿ ಬಿಳಿಯ ಬಟ್ಟೆಯಾಗಿಯೇ ಒಯ್ಯುತ್ತಿದ್ದ. ಅವಳ ಅವ್ವ ಒಂಬತ್ತನೇ ವಯಸ್ಸಿನಿಂದ ಬರೆಯುತ್ತ ಬಂದವಳು. ತಾನು ಬರೆದ ಒಂದೇ ಒಂದು ಬಟ್ಟೆ ನೀಲಿಯಾಗಿ, ಕಂದಾಗಿ, ಮೇಣ ಕರಗಿ ಚಿತ್ತಾರ ಎದ್ದು ಬಂದದ್ದನ್ನು ಆಕೆ ನೋಡಿರಲಿಲ್ಲ.

ನನಗೆ ನಮ್ಮವ್ವ ನೆನಪಾದಳು. ತಾನೇ ಕಂಡಿಕೆಗೆ ನೂಲು ಸುತ್ತಿಕೊಟ್ಟ ರೇಷ್ಮೆ ಸೀರೆಯನ್ನು ಆಕೆ ಎಂದೂ ಉಟ್ಟವಳಲ್ಲ, ನಿಜ. ಆದರೆ ಮಗ್ಗದಿಂದ ಕೊಯ್ದ ಸೀರೆ ಸಾಹುಕಾರನ ಮನೆಗೆ ಹೋಗುವ ಮೊದಲು ಅದನ್ನು ತೊಡೆಯ ಮೇಲೆ ಬಿಡಿಸಿಕೊಂಡು, ಮೂಲೆಗೆ ಅರಿಶಿನ ಹಚ್ಚಿ, ಒಂದು ಗಳಿಗೆ ಕಣ್ಣುತುಂಬ ನೋಡಿಯೇ ಕೊಡುತ್ತಿದ್ದಳು. ಈ ತಾಯಿಗೆ ಅಷ್ಟೂ ಇರಲಿಲ್ಲವಲ್ಲ. ಈ ಒಂದನ್ನು ವ್ಯಾಪಾರಿಗೆ ಕೊಡುವುದಿಲ್ಲ, ನಾನೇ ಮುಗಿಸಿಕೊಂಡು ಹೋಗಿ ಬಣ್ಣ ಮಾಡಿಸಿ ಅವ್ವನ ಮುಂದೆ ಹಾಸುತ್ತೇನೆ ಎಂದಳು ತಂಗಿ. ಬಲಗಡೆಯ ಮೂಲೆಯಲ್ಲಿ ಅಂಗೈಯಗಲ ಜಾಗ ಖಾಲಿ ಬಿಟ್ಟಿದ್ದಳು. ಅಲ್ಲಿ ಏನೂ ಇಲ್ಲವಲ್ಲ ಎಂದು ಕೇಳಿದೆ.

“ಅದು ಅವ್ವಂದು, ಅಕ್ಕಾ. ಸುರು ಮಾಡಿದಾಕಿ ಆಕಿ. ಮುಗಸೋದೂ ಆಕೀನ.”

ಒಂದೂವರೆ ವರ್ಷ ನನ್ನ ಮಧ್ಯಾಹ್ನಗಳು ಆ ಬಟ್ಟೆಯ ಎದುರು ಕಳೆದವು. ನಾನು ರೊಟ್ಟಿ ಕಟ್ಟಿಕೊಂಡು ಹೋದರೆ ಅವಳು ಎಳೆ ಹಲಸನ್ನು ತೆಂಗಿನಹಾಲು, ಕರಿಬೆಲ್ಲದಲ್ಲಿ ದಿನವಿಡೀ ಬೇಯಿಸಿ ಇಡುತ್ತಿದ್ದಳು. ಪಲ್ಯಕ್ಕೆ ಬೆಲ್ಲ ಸುರಿದಿದ್ದಾಳಲ್ಲ ಎಂದು ಮೊದಮೊದಲು ಮೂಗು ಮುರಿದೆ. ಆಮೇಲೆ ಬಟ್ಟಲು ನೆಕ್ಕಿದೆ.

2006ರ ಮೇ ತಿಂಗಳ ಕೊನೆಯ ಒಂದು ಶುಕ್ರವಾರ, ನಮಗೆ ಸಂಜೆ, ಅವರಿಗೆ ಶನಿವಾರದ ನಸುಕು. ನಾನು ಬದನೆಕಾಯಿ ಹೆಚ್ಚುತ್ತಿದ್ದೆ. ತಂಗಿ ಬರಿಗಾಲಲ್ಲಿ ಮೇಲೆ ಬಂದು ಬಾಗಿಲಲ್ಲಿ ನಿಂತಳು. ಅಲ್ಲಿ ಭೂಕಂಪವಾಗಿತ್ತು. ವಾರಗಟ್ಟಲೆಯಿಂದ ಎಲ್ಲರ ಕಣ್ಣೂ ಉತ್ತರದಲ್ಲಿ ಹೊಗೆಯಾಡುತ್ತಿದ್ದ ಜ್ವಾಲಾಮುಖಿಯ ಮೇಲಿತ್ತು; ನಡುಗಿದ್ದು ದಕ್ಷಿಣದ ಬಾಂಟುಲ್. ಎರಡು ದಿನ ಫೋನು ಹತ್ತಲಿಲ್ಲ. ಕಾಲಿಂಗ್ ಕಾರ್ಡಿನ ನಂಬರು ಒತ್ತೊತ್ತಿ ನನ್ನ ಬೆರಳಿಗೇ ಅದು ಬಾಯಿಪಾಠವಾಯಿತು. ಮೂರನೆಯ ದಿನ ಅವಳ ಅಣ್ಣ ಸಿಕ್ಕಿದ. ಮನೆ ನೆಲಸಮ. ಅವ್ವ ಬದುಕಿದ್ದಾಳೆ. ಗೋಡೆ ಬಿದ್ದದ್ದು ಬಲಗೈ ಮೇಲೆ.

ಬದುಕಿದಳಲ್ಲ ಎಂದು ನಾನು ದೇವರ ಮುಂದೆ ದೀಪ ಹಚ್ಚಿದೆ. ತಂಗಿ ಆ ಖಾಲಿ ಮೂಲೆಯನ್ನೇ ನೋಡುತ್ತ ಕೂತಿದ್ದಳು.

ಹೊರಡುವ ಕಾಗದಪತ್ರ ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವಳು ಹಗಲೆಲ್ಲ ಕೂತು ತನ್ನ ಪಾಲಿನ ಚುಕ್ಕೆ ಮುಗಿಸಿದಳು. ಮೂಲೆಯನ್ನು ಮಾತ್ರ ಮುಟ್ಟಲಿಲ್ಲ. ಅವ್ವನಿಗೆ ಬರೆಯಲು ಆಗದಿದ್ದರೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಆ ದಿನವೆಲ್ಲ ನನಗೆ ಬಾಗಿಲು ತೆರೆಯಲಿಲ್ಲ.

ಹೋಗುವ ದಿನ ಬೆಳಿಗ್ಗೆ ಉಡಿ ತುಂಬಿ ಕಳಿಸುತ್ತೇನೆ ಎಂದೆ. ನಮ್ಮ ಪದ್ಧತಿ ನಿಮಗೆ ನಡೆಯುತ್ತದೋ ಇಲ್ಲವೋ ಎಂದು ಅನುಮಾನಿಸಿ ಕೇಳಿದ್ದಕ್ಕೆ, ತಮ್ಮಲ್ಲೂ ಹೊರಡುವವರ ಹೆಸರಲ್ಲಿ ಅನ್ನ ಹಂಚಿ ಪ್ರಾರ್ಥನೆ ಮಾಡುತ್ತಾರೆ, ಅಕ್ಕ ಕೊಟ್ಟದ್ದು ಯಾಕೆ ಬೇಡ ಎಂದು ಸೆರಗೊಡ್ಡುವವಳ ಹಾಗೆ ದುಪಟ್ಟಾ ಹಿಡಿದು ಕೂತಳು. ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿದೆ. ಮಡಿಲಲ್ಲಿ ಆ ಬಟ್ಟೆಯೂ ಇತ್ತು, ಮಡಿಸಿ, ಆ ಮೂಲೆ ಮೇಲೆ ಬರುವ ಹಾಗೆ. ನನ್ನ ಬೆರಳಲ್ಲಿ ಒದ್ದೆ ಅರಿಶಿನ. ಹೊಸ ಬಟ್ಟೆ ಮನೆಯಿಂದ ಹೊರಟಿದೆ, ಮೂಲೆ ಕಣ್ಣ ಮುಂದಿದೆ. ಕೈ ತಾನಾಗಿ ಹೋಯಿತು. ಹೆಬ್ಬೆರಳಷ್ಟಗಲ ಹಚ್ಚಿಬಿಟ್ಟೆ.

ಅವಳ ಮುಖ ಕಂಡ ಮೇಲೆ ನನ್ನ ತಲೆಗೆ ಹೊಳೆದದ್ದು. ಅವ್ವನಿಗೆಂದು ಮೇಣ ಹಾಕದೆ ಬಿಟ್ಟ ಬಿಳಿ ಜಾಗವೆಂದರೆ ಅದೊಂದೇ. ಗಾಬರಿಯಲ್ಲಿ ಸೋಪು ತಂದು ತಿಕ್ಕಿದೆ, ಅದು ಹಳದಿ ಹೋಗಿ ಕೆಂಪಾಯಿತು. ನೇಕಾರರ ಮಗಳಿಗೆ ಅಷ್ಟೂ ತಿಳಿಯಬೇಡವೇ? ಪಕ್ಕದ ಮೇಣ ಬಿರುಕು ಬಿಟ್ಟೀತೆಂದು ಅವಳು ನನ್ನ ಕೈ ಹಿಡಿದುಕೊಂಡಳು.

“ಬಿಡು ಅಕ್ಕಾ,” ಎಂದಳು. “ತಿಕ್ಕಬ್ಯಾಡ.”

ಅಷ್ಟೇ ಅಂದದ್ದು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಟ್ಟೆಯನ್ನು ಎದೆಗೊತ್ತಿ ಹಿಡಿದುಕೊಂಡು ಕಾರು ಹತ್ತಿದಳು. ನಾನು ಅರಿಶಿನದ ಕೈ ತೊಳೆಯದೆ ಮೆಟ್ಟಿಲ ಮೇಲೆ ಕೂತು ಅತ್ತೆ.

ಮೊದಲು ಎರಡು ಸಲ ಫೋನು ಬಂತು. ಬಿದಿರಿನ ಗುಡಿಸಲಲ್ಲಿದ್ದೇವೆ, ಊರವರೆಲ್ಲ ಸೇರಿ ಒಬ್ಬರಾದ ಮೇಲೆ ಒಬ್ಬರ ಮನೆ ಕಟ್ಟುತ್ತಿದ್ದಾರೆ, ಈ ಸಲ ಗೋಡೆಗೆ ಕಬ್ಬಿಣದ ಸರಳು ಹಾಕುತ್ತಿದ್ದಾರೆ ಎಂದಳು. ಹೊರಗಿನಿಂದ ಜನ ಬಂದು ಹೆಂಗಸರಿಗೆ ಬಣ್ಣ ಹಾಕುವುದನ್ನು ಕಲಿಸುತ್ತಿದ್ದಾರೆ, ಇನ್ನು ವ್ಯಾಪಾರಿಯ ದಾರಿ ಕಾಯಬೇಕಿಲ್ಲ ಎಂದೂ ಹೇಳಿದಳು. ಆ ಬಟ್ಟೆ ಏನಾಯಿತೆಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೂ ಹೇಳಲಿಲ್ಲ. ಅವಳ ಗಂಡನೂ ಇಲ್ಲಿಯ ಕೆಲಸ ಬಿಟ್ಟು ಹೊರಟುಹೋದ. ಕೆಳಗಿನ ಮನೆಗೆ ಬೇರೆ ಯಾರೋ ಬಂದರು. ಮಧ್ಯಾಹ್ನವಾದರೆ ನಾನು ಮೂಗರಳಿಸಿ ನಿಲ್ಲುತ್ತಿದ್ದೆ. ಬರುತ್ತಿದ್ದದ್ದು ಪಿಜ್ಜಾದ ವಾಸನೆ. ಆಮೇಲೆ ಫೋನೂ ನಿಂತಿತು.

ಮರುವರ್ಷ ಗಂಡನಿಗೆ ನಾರ್ತ್ ಕ್ಯಾರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ನಾನು ಮಗಳ ಶಾಲೆಯ ನೆಪ ತೆಗೆದೆ, ಚಳಿಯ ನೆಪ ತೆಗೆದೆ, ಸಾಮಾನು ಕಟ್ಟಲು ಬೆನ್ನುನೋವೆಂದೆ. ತಂಗಿಯ ಬಳಿ ಇದ್ದದ್ದು ಈ ಮನೆಯ ವಿಳಾಸವೊಂದೇ; ಅವಳ ಕಾಗದ ಬಂದು ತಪ್ಪಿಹೋದೀತೆಂಬ ನನ್ನ ಒಳಗಿನ ಭಯ ಅವರಿಗೆ ಗೊತ್ತಿತ್ತು.

“ಕಾಗದ ಬರೋದಿದ್ರ ಬರ್ತದ,” ಎಂದರು ಒಂದು ದಿನ. “ಅದರ ಸಲುವಾಗಿ ನಾವ್ ಇಲ್ಲೇ ಕುಂದ್ರಬೇಕೇನು?”

ಕುಂದ್ರಬೇಕು ಎಂದೆ. ಅವರು ಆರು ತಿಂಗಳು ವಾಯಿದೆ ಕೇಳಿಕೊಂಡು ಬಂದರು, ಪುಣ್ಯಾತ್ಮ.

2008ರ ಫೆಬ್ರುವರಿ. ಅರ್ಧ ಸಾಮಾನು ಪೆಟ್ಟಿಗೆ ಸೇರಿತ್ತು. ಟಪಾಲು ಡಬ್ಬಿಯಲ್ಲಿ ಜಾಹೀರಾತುಗಳ ನಡುವೆ ತೆಳುವಾದ ಒಂದು ಲಕೋಟೆ, ಮೇಲೆ ಇಂಡೊನೇಷ್ಯಾದ ಅಂಚೆಚೀಟಿ. ಅಲ್ಲೇ, ಹಿಮದಲ್ಲಿ ನಿಂತೇ ಒಡೆದೆ. ಒಂದು ಕಾಗದ, ಒಂದು ಫೋಟೋ.

ಅವ್ವನ ಬಲಗೈಗೆ ಮತ್ತೆ ಹಿಡಿತ ಬರಲಿಲ್ಲವೆಂದು ತಂಗಿ ಬರೆದಿದ್ದಳು. ಮೂಲೆ ನಾನೇ ಬರೆಯಲೇ ಎಂದದ್ದಕ್ಕೆ ಆಕೆ ಒಪ್ಪಲಿಲ್ಲವಂತೆ. ಒಂದು ವರ್ಷ ಹರಕು ಬಟ್ಟೆಯ ಮೇಲೆ ಎಡಗೈಯನ್ನು ಪಳಗಿಸಿಕೊಂಡು, ಆಮೇಲೆ ಕೂತು ಆ ಮೂಲೆಯನ್ನು ತುಂಬಿದಳಂತೆ. ಸೋಪಿನ ಕೆಂಪು ಆರಿ ಕಲೆ ಮತ್ತೆ ಹಳದಿಗೆ ತಿರುಗಿತ್ತಂತೆ; ಈ ಹಳದಿ ಏನು ಎಂದು ಅವ್ವ ಕೇಳಿದಾಗ ತಂಗಿ ಉಡಿ ತುಂಬಿದ ಕಥೆ ಹೇಳಿದಳು. ಅವ್ವ ಅದರ ಮೇಲೆ ಬಳ್ಳಿ ಎಳೆಯಲಿಲ್ಲ; ಸುತ್ತಲೂ ಚುಕ್ಕೆ ಇಟ್ಟು, ನಡುವಿನ ಅಷ್ಟು ಜಾಗಕ್ಕೆ ಬಣ್ಣ ಹೋಗದಂತೆ ಮೇಣ ಮುಚ್ಚಿದಳು. ಬಣ್ಣವನ್ನೂ ಆಕೆಯೇ ಹಾಕಿದಳು, ಊರ ಹೆಂಗಸರ ಜೊತೆ ನಿಂತು.

ಕೊನೆಗೆ ಮೇಣ ತೆಗೆಯಲು ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿದರು. ಚಿತ್ತಾರವೆಲ್ಲ ಎದ್ದು ಬಂತು. ನಿನ್ನ ಅರಿಶಿನ ಮಾತ್ರ ನೀರಲ್ಲಿ ಹೋಗಿಬಿಟ್ಟಿತು ಅಕ್ಕ, ಕಲೆಯೂ ಉಳಿಯಲಿಲ್ಲ, ಹೆಬ್ಬೆರಳಷ್ಟು ಬಿಳಿ ಉಳಿಯಿತು ಎಂದು ಬರೆದಿದ್ದಳು.

ಫೋಟೋದಲ್ಲಿ ಹೊಸ ಇಟ್ಟಿಗೆಯ ಗೋಡೆ. ಅದರ ಮುಂದೆ ಒಬ್ಬ ಮುದುಕಿ, ಸೊಂಟದಿಂದ ಕಾಲವರೆಗೆ ನೀಲಿ-ಕಂದು ಬಟ್ಟೆ ಉಟ್ಟು. ಬಲಗೈ ಎದೆಗೆ ಅಂಟಿಕೊಂಡಿತ್ತು. ಎಡಗೈಯಲ್ಲಿ ಬಟ್ಟೆಯ ಮೂಲೆಯನ್ನು ಕ್ಯಾಮೆರಾದ ಕಡೆಗೆ ಚಾಚಿ ಹಿಡಿದಿದ್ದಳು. ಓರೆಕೋರೆ ಚುಕ್ಕೆಗಳ ನಡುವೆ ಹಳದಿ ಇತ್ತು. ನಾನು ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಇತ್ತು.

ಕಾಗದದ ಹಿಂಬದಿಗೆ ಒಂದು ಸಾಲು ಉಳಿದಿತ್ತು. ಆ ಬಿಳಿ ನೋಡಿ ಅವ್ವ ಹಿತ್ತಲಿಗೆ ಹೋದಳು, ಅರಿಶಿನದ ಬೇರು ಕಿತ್ತು, ಎಡಗೈಯಲ್ಲೇ ಅರೆದು, ಮೇಲಿನ ಮನೆಯಾಕೆಯ ಜಾಗ ಖಾಲಿ ಇರಬಾರದು ಎಂದು ತಾನೇ ಹಚ್ಚಿದಳು.