ತಪ್ಪಾಗಿ ಹೇಳಿದ ವಂಶ

ನಮ್ಮ ತುಳುನಾಡಿನ ಹಲವು ಮನೆಗಳಲ್ಲಿ ಮಕ್ಕಳಿಗೆ ವಂಶ ಬರುವುದು ತಾಯಿಯಿಂದ. ಅದನ್ನು ‘ಬಳಿ’ ಎನ್ನುತ್ತೇವೆ. ಒಂದೇ ಬಳಿಯವರು ಅಣ್ಣತಂಗಿಯರ ಹಾಗೆ. ಅವರೊಳಗೆ ಮದುವೆ ಇಲ್ಲ.

ಇದು ಗೊತ್ತಿದ್ದೂ ನಾನು ಎಡವಿದೆ. ವರ್ಷಗಳ ಹಿಂದೆ ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ, ಮಗಳು ಮೆಚ್ಚಿದ ಹುಡುಗನ ತಂದೆಯೊಡನೆ ಚಹಾ ಕುಡಿಯುತ್ತಿದ್ದೆ. ಹುಡುಗಿಯ ಬಳಿ ಯಾವುದೆಂದು ಕೇಳಿದರು. ಇಲ್ಲಿನ ಗೆಳೆಯರೆಲ್ಲ ತಂದೆಯ ಗೋತ್ರ ಹೇಳುವುದನ್ನು ಕೇಳಿ ಕೇಳಿ ನನಗೂ ಅದೇ ರೂಢಿಯಾಗಿತ್ತು. ನನ್ನದನ್ನೇ ಹೇಳಿಬಿಟ್ಟೆ.

“ನಮ್ಮ ಹುಡುಗನದ್ದೂ ಅದೇ ಮಾರಾಯ್ರೆ,” ಎಂದರು. ಸಂಬಂಧ ಅಲ್ಲಿಗೇ ಮುರಿಯಿತು.

ಮನೆಯಲ್ಲಿ ನನ್ನಾಕೆ ಹಣೆ ಚಚ್ಚಿಕೊಂಡಳು. “ಅವಳಿಗೆ ನನ್ನ ಬಳಿಯಲ್ವಾ? ಈಗ್ಲೇ ಫೋನ್ ಮಾಡಿ.”

ಮಾಡಲಿಲ್ಲ. ಸ್ವಂತ ಕಟ್ಟಳೆಯೇ ಗೊತ್ತಿಲ್ಲದವನೆಂದು ನಗುತ್ತಾರೆ ಎಂಬ ಅಳುಕು. ಆಕೆಯ ಬಾಯಿಯನ್ನೂ ಮುಚ್ಚಿಸಿದೆ. ಮಗಳಿಗೆ, ಹುಡುಗನ ಮನೆಯವರು ಒಪ್ಪಲಿಲ್ಲ ಎಂದಷ್ಟೇ ಹೇಳಿದೆ. ಈಗ ಆಕೆಯಿಲ್ಲ. ಮಗಳು ಮೆಲ್ಬರ್ನ್‌ಗೆ ಓದಲು ಹೋಗಿ ವಿಜ್ಞಾನಿಯಾದಳು.

ಕಳೆದ ತಿಂಗಳು ಅಲ್ಲಿನ ಕ್ಲೈಡ್ ನಾರ್ತ್‌ನ ಹಾಲ್‌ನಲ್ಲಿ ನಮ್ಮ ಊರ ಕಡೆಯವರಿಗೆ ಅವಳದೊಂದು ಭಾಷಣ.

“ನಮ್ಮ ಸೆಲ್ ಒಳಗೆ ಅಮ್ಮನಿಂದ ಮಾತ್ರ ಬರೋ ಡಿಎನ್‌ಎ ಒಂದಿದೆ. ಅಜ್ಜಿಯರು ಬಳಿ ದಾಟಿಸಿದ್ದೂ ಅದೇ ದಾರೀಲಿ. ಎರಡನ್ನೂ ಪಕ್ಕ ಇಟ್ಟು ನೋಡಿದ್ರೆ, ಯಾವ ಹೆಂಗಸರು ಎಲ್ಲಿಂದ ಬಂದ್ರು, ಹೊರಗಿನವರನ್ನ ಯಾವ ಮನೆ ಸೇರಿಸ್ಕೊಳ್ತು ಅನ್ನೋದು ಕಾಣಬಹುದು.”

ಹೈಸ್ಕೂಲಿಗೇ ಓದು ನಿಲ್ಲಿಸಿದ ನನಗೂ ಅರ್ಥವಾಯಿತು. ಹಾಗೆ ಹೇಳಬಲ್ಲವಳು ನನ್ನ ಮಗಳು. ಎದೆ ಉಬ್ಬಿತು.

ಆಮೇಲೆ ಉಗುಳಿನ ಸ್ಯಾಂಪಲ್‌ಗೆಂದು ಟ್ಯೂಬು, ಜೊತೆಗೊಂದು ಫಾರಂ ಹಂಚಿದರು.

“ನಮ್ಮತ್ತೆ ಬಾಯಿ ತೆರೆದ್ರೆ ಬಕೆಟ್ಟೇ ತುಂಬುತ್ತೆ ನೋಡಮ್ಮ,” ಎಂದರು ಒಬ್ಬ ಆಂಟಿ. ಹಾಲ್ ಪೂರ್ತಿ ನಕ್ಕಿತು.

ನನ್ನ ಮುಂದಿನ ಸಾಲಿನಲ್ಲಿ ಒಬ್ಬ ತಂದೆ ತಮ್ಮ ಮಗಳಿಗೆ ಹೇಳುತ್ತಿದ್ದರು: “ಬಳಿ ಅಂತ ಇರೋ ಕಡೆ ನಂದೇ ಹಾಕು ಪುಟ್ಟಿ.”

ಕೂರಲಾಗಲಿಲ್ಲ. ಎದ್ದು ಹೋಗಿ ನನ್ನ ಮಗಳಿಗೆ ಎಲ್ಲವನ್ನೂ ಹೇಳಿದೆ.

ಅವಳು ಕೈಯಲ್ಲಿದ್ದ ಫಾರಂಗಳನ್ನು ಮೇಜಿನ ಮೇಲಿಟ್ಟಳು. “ಅಮ್ಮಂಗೆ ಗೊತ್ತಿತ್ತಾ?”

“ಗೊತ್ತಿತ್ತು. ಹೇಳಬೇಡ ಅಂದವನು ನಾನು.”

“ನಂಗೀಗ ಸಾರಿ ಹೇಳ್ಬೇಡಿ ಪಪ್ಪಾ. ಮೈಕ್ ತಗೊಂಡು ಇವ್ರಿಗೆ ಹೇಳಿ. ಇಲ್ದಿದ್ರೆ ನನ್ನ ಡೇಟಾನೂ ನಿಮ್ಮ ಥರಾನೇ ತಪ್ಪು ಹೇಳುತ್ತೆ.”

ಹೇಳಿದೆ. ಯಾರೂ ನಗಲಿಲ್ಲ. ಮುಂದಿನ ಸಾಲಿನವರೇ ಮೊದಲು ಎದ್ದು ಹೊಸ ಫಾರಂ ಕೇಳಿದರು. ಆಮೇಲೆ ಇನ್ನೂ ಮೂವರು. ಮಗಳು ನನ್ನ ಕಡೆ ನೋಡದೆ ಫಾರಂ ಹಂಚುತ್ತ ಹೋದಳು. ಕೊನೆಗೆ ತನ್ನ ಹೆಸರಿನದೊಂದನ್ನು ತಂದು ನನ್ನ ಮುಂದಿಟ್ಟಳು.

“ಇದನ್ನ ನೀವೇ ತುಂಬಿ.”

ನನ್ನಾಕೆಯ ಬಳಿಯನ್ನು ದಪ್ಪ ಅಕ್ಷರಗಳಲ್ಲಿ, ತಪ್ಪಿಲ್ಲದೆ ಬರೆದೆ.