ಹಗಲು ಹೊತ್ತಿನ ಒಂದೇ ಏಟು

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕೊಬ್ಬರಿಗೆ ಒಂದು ವಾಸನೆಯಿರುತ್ತದೆ. ಎಣ್ಣೆಯ ಜಿಡ್ಡು, ಹೊಗೆ, ಹಳೆಯ ಮರ ಮೂರೂ ಬೆರೆತದ್ದು. ಕಳೆದ ತಿಂಗಳು ಗಂಡಸಿ ಹೋಬಳಿಯ ನಮ್ಮ ಹಳ್ಳಿಯಲ್ಲಿ, ತೀರಿಕೊಂಡ ಎದುರುಮನೆಯ ಅಕ್ಕನ ಶಿವಗಣಾರಾಧನೆಗೆಂದು ಹೋಗಿ ಅವರ ನಡುಮನೆಯಲ್ಲಿ ಕುಳಿತಾಗ ಆ ವಾಸನೆ ತಲೆಯ ಮೇಲಿನಿಂದ ಇಳಿದು ಬಂತು. ಅದರ ಬೆನ್ನಿಗೆ ಆ ಮಧ್ಯಾಹ್ನವೂ...

ಇಸವಿಯನ್ನು ಖಚಿತವಾಗಿ ಹೇಳಲಾರೆ. ನನ್ನ ಲೆಕ್ಕಕ್ಕೂ ಅವರ ಮನೆಯವರ ಲೆಕ್ಕಕ್ಕೂ ಎಷ್ಟು ತಾಳೆ ನೋಡಿದರೂ ಕೂಡಿಬರಲಿಲ್ಲ. ದೃಢಪಡದ ಇಸವಿಯನ್ನು ಬರೆಯುವ ಅಭ್ಯಾಸ ನನಗಿಲ್ಲ. ಹೊತ್ತು ಮಾತ್ರ ಖಚಿತ. ಹಳೇಬೀಡಿನ ಶಾಸನಗಳ ಕೆಲಸದಿಂದ ಬಿಡುವು ಪಡೆದು ನಾನು ಊರಿಗೆ ಬಂದಿದ್ದೆ. ಅಕ್ಕನ ಕೂಗು ಕೇಳಿ ಬೀದಿ ದಾಟಿ ಓಡಿದಾಗ ನನ್ನ ಬಲಗೈಯಲ್ಲಿ ಮುದ್ದೆಯ ಅಂಟು ಹಾಗೆಯೇ ಇತ್ತು, ಬಿಸಿಲು ನೆತ್ತಿಯ ಮೇಲಿತ್ತು.

ಗಂಡ ತೀರಿಕೊಂಡ ಮೇಲೆ ತೋಟ, ಕೊಬ್ಬರಿ ಎರಡನ್ನೂ ತಾವೇ ನಡೆಸಿದವರು ಅಕ್ಕ. ಅಂದು ಮನೆಯ ಗಂಡಸರು ಅರಸೀಕೆರೆಯ ಮಾರುಕಟ್ಟೆಗೆ ಹೋಗಿದ್ದರು. ಅಪರಿಚಿತನೊಬ್ಬ ಹಿತ್ತಿಲ ಗೋಡೆ ಹಾರಿ, ಅಲ್ಲೇ ಬಿದ್ದಿದ್ದ ಮಚ್ಚನ್ನು ಎತ್ತಿಕೊಂಡು ಅಡುಗೆಮನೆಗೆ ನುಗ್ಗಿದ. ಕೊರಳ ಸರ ಬಿಚ್ಚೆಂದು ಮಚ್ಚೆತ್ತಿದ. ಅಕ್ಕ ಒಲೆಯ ಪಕ್ಕದಲ್ಲಿದ್ದ ಕಬ್ಬಿಣದ ಊದುಕೊಳವೆಯಿಂದ ಅವನ ಮಣಿಕಟ್ಟಿಗೆ ಒಂದು ಏಟು ಹಾಕಿದರು. ಮೂಳೆ ಮುರಿಯಿತು, ಮಚ್ಚು ಬಿತ್ತು, ಅವನು ಕೈ ಹಿಡಿದುಕೊಂಡು ಕುಸಿದ. ಅಕ್ಕ ಮಚ್ಚನ್ನು ಕಾಲಿನಿಂದ ಮೂಲೆಗೆ ತಳ್ಳಿದರು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ನನ್ನ ಹಿಂದೆಯೇ ಬೀದಿಯ ಗಂಡಸರು ದೊಣ್ಣೆ ಹಿಡಿದು ಬಂದರು. “ಎಳೀರ್ಲಾ ಅವನ್ನ ಆಚೆಗೆ, ಹುಣಸೆಮರಕ್ಕೆ ಕಟ್ರಿ!” ಎಂದ ಒಬ್ಬ. ಅಕ್ಕ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

“ಯಾರ್ಲಾ ಅದು ಮುಂದಕ್ಕೆ ಬರೋನು? ಅವನು ಮಚ್ಚು ಎತ್ತಿದಾಗ ಒಬ್ಬನೂ ಇರ್ಲಿಲ್ಲ. ಈಗ ಕೈ ಮುರಿದೋನ ಮೇಲೆ ಶೌರ್ಯ ತೋರ್ಸೋಕೆ ಬಂದ್ರಾ? ಹೊಸ್ತಿಲು ದಾಟಿದ್ರೆ ಇದೇ ಕೊಳವೆ ನಿಮಗೂ ಐತೆ.”

“ಅಕ್ಕೋ, ಕಳ್ಳನಿಗೆ ಎಲೆ ಹಾಕಿ ಬಡಿಸ್ತೀಯೇನಕ್ಕ?” ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು.

“ಬಡಿಸ್ತೀನಿ ಕಣೋ. ಪೊಲೀಸ್ನೋರು ಬರೋಗಂಟ ಹಸ್ಕೊಂಡಿರ್ತಾನಾ?”

ಬಡಿಸಿಯೂ ಬಡಿಸಿದರು. ಊರಲ್ಲಿ ಆಗ ಫೋನಿರಲಿಲ್ಲ. ಸೈಕಲ್ಲಿನಲ್ಲಿ ಹೋದವನು ಪೊಲೀಸರನ್ನು ಕರೆತರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಅಲ್ಲಿಯವರೆಗೂ ಅಕ್ಕ ಆ ಬಾಗಿಲು ಬಿಟ್ಟು ಕದಲಲಿಲ್ಲ.

ತೊಡಕು ಮರುದಿನ ಶುರುವಾಯಿತು. ನೀರು ಕೇಳಲು ಹೋದ ತನ್ನ ಕೈ ಮುರಿದರೆಂದು ಕಳ್ಳ ಪೊಲೀಸರಿಗೆ ಹೇಳಿಕೆ ಕೊಟ್ಟ. ಅಕ್ಕನ ಮೇಲೆಯೇ ಮೊಕದ್ದಮೆ ಬೀಳಬಹುದೆಂಬ ಸುದ್ದಿ ಹಬ್ಬಿತು. ಅವರ ಮೈದುನ ವಕೀಲರೊಬ್ಬರ ಸಲಹೆ ಹೊತ್ತು ತಂದರು.

“ಅತ್ತಿಗೆ, ಕತ್ತಲಾದ ಮೇಲೆ ನುಗ್ಗಿದ ಅಂತ ಹೇಳಿಬಿಡಿ. ರಾತ್ರಿ ಕನ್ನ ಹಾಕಿದ್ರೆ ಕಾನೂನು ನಮ್ಮ ಕಡೆಗೇ ಐತಂತೆ. ಹೊಡೆದೋನು ನಾನು ಅಂತ ಬರೆಸೋಣ. ಹೆಂಗಸರು ಸ್ಟೇಷನ್ ಹತ್ತೋದು ಮನೆತನಕ್ಕೆ ಚೆಂದವಾ?”

“ಮಟಮಟ ಮಧ್ಯಾಹ್ನದ ಸೂರ್ಯನ್ನ ಮುಳುಗ್ಸೋಕೆ ನಿಂಗೆ ಬಂದ್ರೆ ಮುಳುಗ್ಸಪ್ಪ, ನಂಗೆ ಬರಾಕಿಲ್ಲ. ಏಟು ನಂದು. ಅದನ್ನ ನಿನ್ನ ಹೆಸರಿಗೆ ಖಾತೆ ಮಾಡಿಕೊಡಾಕಿಲ್ಲ.”

ಸಾಕ್ಷಿಯಾಗಿ ನಾನೂ ಅಕ್ಕನ ಜೊತೆ ಠಾಣೆಗೆ ಹೋದೆ. ಬಾಗಿಲು ತೆರೆದಿತ್ತಲ್ಲ, ಓಡಿಹೋಗಬಹುದಿತ್ತಲ್ಲ ಎಂದು ಅಧಿಕಾರಿ ಕೇಳಿದರು.

“ನನ್ನ ಮನೆಯಿಂದ ನಾನ್ಯಾಕೆ ಓಡ್ಲಿ ಸ್ವಾಮಿ? ಓಡಬೇಕಾದೋನು ಅವನು.”

“ಅಷ್ಟು ಧೈರ್ಯ ಇದ್ದೋರು ಇನ್ನೊಂದು ಏಟು ಯಾಕೆ ಹಾಕ್ಲಿಲ್ಲ?”

“ಮಚ್ಚು ಕೆಳಗೆ ಬಿದ್ದಿತ್ತಲ್ಲ.”

ಅಧಿಕಾರಿ ಆ ಮಾತನ್ನು ಹಾಗೆಯೇ ಬರೆದುಕೊಂಡರು. ಅಕ್ಕನ ಮೇಲೆ ಮೊಕದ್ದಮೆ ಬೀಳಲಿಲ್ಲ. ಮೈದುನ ಮಾತ್ರ ಬಹುಕಾಲ ಅವರೊಡನೆ ಮಾತು ಬಿಟ್ಟರು...

ಆಮೇಲೆ ದಂಡಸಂಹಿತೆಯನ್ನು ತೆರೆದು ನೋಡಿದೆ. ರಾತ್ರಿ ಕನ್ನ ಹಾಕುವವನ ವಿಷಯದಲ್ಲಿ ಅದು ಮನೆಯವರಿಗೆ ಹೆಚ್ಚಿನ ಹಕ್ಕು ಕೊಡುತ್ತದೆ, ನಿಜ. ಆದರೆ ಪ್ರಾಣಭಯಕ್ಕೆ ಸಕಾರಣವಿದ್ದರೆ ಹಗಲಿನಲ್ಲೂ ಎದುರೇಟಿನ ಹಕ್ಕಿದೆ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾವ ಹೊತ್ತಿನಲ್ಲೂ ಇಲ್ಲ. ಇಂದಿನ ನ್ಯಾಯ ಸಂಹಿತೆಯೊಡನೆ ಹೋಲಿಸಿದ್ದೇನೆ: ಕಲಂಗಳ ಸಂಖ್ಯೆ ಬದಲಾಗಿದೆ, ಹುರುಳು ಬದಲಾಗಿಲ್ಲ.

ಆರಾಧನೆಯ ದಿನ ಮೈದುನನ ಮಗ ಮೈಕ್ ಹಿಡಿದು ದೊಡ್ಡಮ್ಮನನ್ನು ಕೊಂಡಾಡಿದ. ನಡುರಾತ್ರಿ ನುಗ್ಗಿದ ಕಳ್ಳನನ್ನು ಅವರು ಕೆಡವಿದರಂತೆ. ಊರವರೆಲ್ಲ ಸೇರಿ ಮರಕ್ಕೆ ಕಟ್ಟಿ ಚಚ್ಚಿದರಂತೆ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತೆ.

“ಹಗಲು,” ಎಂದೆ. “ಮರಕ್ಕೆ ಯಾರೂ ಕಟ್ಟಲಿಲ್ಲ. ಕಟ್ಟಲು ಬಂದವರನ್ನು ಆಕೆ ಬಿಡಲಿಲ್ಲ.”

“ಬಿಡಿ ಸಾರ್, ಹೊಗಳೋಕೆ ತಾನೇ ಹೇಳಿದ್ದು?”

“ಆಕೆಯನ್ನು ಹೊಗಳಲು ಸುಳ್ಳು ಬೇಕಿಲ್ಲ.”

ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಕೆಲವರು ಎಲೆಯತ್ತ ನೋಡಿದರು, ಕೆಲವರು ಕೆಮ್ಮಿದರು. ನಾನು ಕೂರಲಿಲ್ಲ. ಕೊನೆಗೆ ಮೈದುನನ ಮಗ, ಕೋಪದಿಂದಲ್ಲ, ನಿಜಕ್ಕೂ ತಿಳಿಯುವ ಬಯಕೆಯಿಂದಲೇ ಕೇಳಿದ: “ಇದಕ್ಕೆ ಸಾಕ್ಷಿ ಯಾರಿದಾರೆ ಸಾರ್?”

ಕೇಳಬೇಕಾದ ಪ್ರಶ್ನೆಯೇ. ಅಂದು ಆ ಬಾಗಿಲಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ತೀರಿಹೋಗಿದ್ದರು.

“ನಾನಿದ್ದೇನೆ,” ಎಂದೆ.

ಮೊನ್ನೆ ಮೊನ್ನೆಯವರೆಗೆ ಇಬ್ಬರಿದ್ದೆವು...